ಕಿವಿಯಲ್ಲಿ ಉಳಿದ ಮಾತು

ಅಘನಾಶಿನಿಯು ಕಡಲನ್ನು ಸೇರುವ ತದಡಿಯ ಬಂದರಿನಲ್ಲಿ ಮೀನಿನ ಹರಾಜು ಏರಿದಾಗ ಒಂದು ಮಾತು ಇನ್ನೊಂದನ್ನು ನುಂಗುತ್ತದೆ. ಹರಟೆಯಲ್ಲಿ ಮುಳುಗಿದವನಿಗೆ ಕೂಗಿದ ಬೆಲೆ ಕೇಳಿಸಿಯೂ ಕೇಳಿಸದು. ಅವನ ಹೆಸರನ್ನೇ ಎತ್ತಿದರೆ? ತಿರುಗಿಯಾನು, ಖಂಡಿತವೆನ್ನಲಾಗದು. 1959ರಲ್ಲಿ ನೆವಿಲ್ ಮೋರೆ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದಾಗ, ಗಮನವಿಡದ ಕಿವಿಯಲ್ಲಿ ನುಡಿದ ತಮ್ಮ ಹೆಸರನ್ನು ಗುರುತಿಸಿದವರು ಸುಮಾರು ಮೂವರಲ್ಲೊಬ್ಬರಷ್ಟೇ.

ಲಕ್ಷ್ಯಕ್ಕೆ ಬಾರದ ದನಿ ಒಡನೆಯೇ ಅಳಿಯುವುದೆ? ಇಲ್ಲ. ಕಂಡದ್ದರ ಅಚ್ಚು ಸಾಮಾನ್ಯವಾಗಿ ಒಂದು ಸೆಕೆಂಡಿನೊಳಗೆ ಮಾಸಿದರೆ, ಕೇಳಿದ್ದರ ಅಚ್ಚು ಕೆಲವು ಸೆಕೆಂಡು ನಿಲ್ಲುತ್ತದೆ. ಆದ್ದರಿಂದಲೇ, “ಈಗ ಏನು ಹೇಳಿದೆ?” ಎಂದು ಗದರಿದರೆ, ಕಿಟಕಿಯಾಚೆ ಮನಸ್ಸಿಟ್ಟ ಹುಡುಗನೂ ಕೊನೆಯ ನಾಲ್ಕು ಮಾತುಗಳನ್ನು ಒಪ್ಪಿಸಿಬಿಡುತ್ತಾನೆ. ಅದನ್ನೇ ಶ್ರದ್ಧೆಯೆಂದು ಬಗೆಯುವ ಅಧ್ಯಾಪಕರುಂಟು! ಅರ್ಧ ನಿಮಿಷ ತಡೆದು ಅದೇ ಪ್ರಶ್ನೆಯನ್ನು ಕೇಳಿ ನೋಡಿ.