ದಂತರಕ್ಷಣೆಯೆಂಬ ವಿದ್ಯೆ

ಅನ್ನವು ಒಳಹೋಗುವುದೂ ನುಡಿಯು ಹೊರಬರುವುದೂ ಬಾಯಿಯೆಂಬ ಒಂದೇ ದ್ವಾರದಿಂದ. ಹಲ್ಲುನೋವಿನಿಂದ ನರಳುವ ಬಾಲಕನಿಗೆ ಊಟವೂ ರುಚಿಸದು, ಪಾಠವೂ ಹತ್ತದು. ಈ ದ್ವಾರವನ್ನು ಕಾಯುವುದನ್ನೇ ಕಾಯಕವಾಗಿ ಕೈಕೊಳ್ಳುವವರಿಗೆ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷಗಳ ಪದವಿ ವ್ಯಾಸಂಗವುಂಟು. ಉತ್ತೀರ್ಣರಾದವರನ್ನು ‘ಓರಲ್ ಹೆಲ್ತ್ ಥೆರಪಿಸ್ಟ್’ ಎನ್ನುವರು.

ಈ ವಿದ್ಯೆಯ ಬೇರು ಶಾಲೆಯ ಅಂಗಳದಲ್ಲಿದೆಯೆಂಬುದು ಶಿಕ್ಷಕರು ಗಮನಿಸತಕ್ಕ ಸಂಗತಿ. ಮಕ್ಕಳ ಹಲ್ಲುಗಳ ದುರವಸ್ಥೆಯನ್ನು ಕಂಡ ನ್ಯೂಜಿಲೆಂಡ್ ಸರ್ಕಾರವು 1921ರಲ್ಲಿ ವೆಲಿಂಗ್ಟನ್ ನಗರದಲ್ಲಿ ಶಾಲಾ ದಂತದಾದಿಯರ ತರಬೇತಿಯನ್ನು ಆರಂಭಿಸಿತು. ಆ ದಾದಿಯರು ಶಾಲೆಗಳಲ್ಲಿಯೇ ಮಕ್ಕಳಿಗೆ ಚಿಕಿತ್ಸೆ ನೀಡಿದರು. ಅದಕ್ಕೂ ಮೊದಲು, 1913ರಲ್ಲಿ, ಅಮೆರಿಕದ ಬ್ರಿಜ್‌ಪೋರ್ಟಿನಲ್ಲಿ ಡಾ. ಆಲ್ಫ್ರೆಡ್ ಫೋನ್ಸ್ ಅವರು ದಂತಶುಚಿಯ ಮೂಲಕ ರೋಗವನ್ನು ತಡೆಯುವ ಹೈಜೀನಿಸ್ಟರ ಶಿಕ್ಷಣಕ್ಕೆ ತೊಡಗಿದ್ದರು. ಈ ಎರಡು ಕವಲುಗಳ ಸಂಗಮವೇ ಇಂದಿನ ಪದವಿ.

ವಿದ್ಯಾರ್ಥಿಗಳು ಶರೀರರಚನೆ, ಸೂಕ್ಷ್ಮಜೀವಿಶಾಸ್ತ್ರ, ಸಮುದಾಯ ಆರೋಗ್ಯಗಳನ್ನು ಅಭ್ಯಸಿಸುವರು. ಗಟ್ಟಿಗೊಂಡ ಪಾಚಿಯನ್ನು ತೆಗೆಯುವುದು, ಹುಳುಕು ತುಂಬುವುದು, ಹಾಲುಹಲ್ಲು ಕೀಳುವುದು ಇವುಗಳಲ್ಲಿ ಕೈಪಳಗಿಸಿಕೊಳ್ಳುವರು. ಜಟಿಲ ಶಸ್ತ್ರಕ್ರಿಯೆಯು ದಂತವೈದ್ಯರಿಗೆ ಸೇರಿದ್ದು. ಚಿಕಿತ್ಸೆಗಿಂತ ಮಿಗಿಲಾದುದು ತಿಳಿವಳಿಕೆ: ಬಾಯಿಯಲ್ಲಿ ಉಳಿದ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ಆಮ್ಲವಾಗಿಸುವುವು; ಆ ಆಮ್ಲವು ಹಲ್ಲಿನ ಹೊರಕವಚವನ್ನು ಕರಗಿಸುವುದು. ಆದುದರಿಂದ ಪದೇಪದೇ ಸಿಹಿ ತಿನ್ನದಿರುವುದು, ದಿನಕ್ಕೆ ಎರಡು ಸಲ ಫ್ಲೋರೈಡುಳ್ಳ ಪೇಸ್ಟಿನಿಂದ ಹಲ್ಲುಜ್ಜುವುದು ಮಕ್ಕಳಿಗೆ ಅಭ್ಯಾಸವಾಗಬೇಕು.

ನಮ್ಮ ದೇಶದಲ್ಲಿಯೂ 1948ರ ದಂತವೈದ್ಯರ ಅಧಿನಿಯಮವು ಹೈಜೀನಿಸ್ಟ್ ವೃತ್ತಿಗೆ ಮನ್ನಣೆಯಿತ್ತಿತ್ತು. ಅನ್ನದಾಸೋಹವು ನಡೆಯುವ ವಿದ್ಯಾಲಯಗಳಲ್ಲಿ ಉಂಡ ಬಾಯಿಯ ರಕ್ಷಣೆಯೂ ದಾಸೋಹದ ಅಂಗವೇ ಸರಿ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಇಂತಹ ವಿದ್ಯೆಗೆ ಮನಗೊಡಲಿ. ಉದಾರಿಗಳಾದ ದಾನಿಗಳು ಅವರ ಬೆನ್ನಿಗೆ ನಿಲ್ಲಲಿ.