ಇಲಿಯ ಹಿಡಿತ, ಮಗುವಿನ ಮೆಟ್ಟಿಲು

ಇಲಿಯ ಬಾಲ ಹಿಡಿದು ಪುಟ್ಟ ತಂತಿಜಾಲರಿಯ ಹತ್ತಿರ ಇಳಿಸುತ್ತಾರೆ. ಮುಂಗಾಲಿಗೆ ಜಾಲರಿ ತಾಗಿದೊಡನೆ ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದು ಇಲಿಯ ಹುಟ್ಟುಗುಣ. ಆಗ ಮೆಲ್ಲಗೆ, ಒಂದೇ ಸಮನೆ ಹಿಂದಕ್ಕೆ ಎಳೆಯಬೇಕು. ಹಿಡಿತ ಸಡಿಲುವವರೆಗಿನ ಗರಿಷ್ಠ ಬಲ ಮಾಪಕದಲ್ಲಿ ದಾಖಲಾಗುತ್ತದೆ. ಸ್ನಾಯುರೋಗಕ್ಕೆ ಮದ್ದು ಹುಡುಕುವವರಿಗೆ ಭರವಸೆ ಎಷ್ಟೋ ಸಲ ಮೊದಲು ಕಾಣಿಸುವುದು ಈ ಅಂಕಿಯಲ್ಲೇ.

ಡುಷೆನ್ ಸ್ನಾಯುಕ್ಷಯ ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುವ ಆನುವಂಶಿಕ ಕಾಯಿಲೆ. ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇಲ್ಲದೆ ಸ್ನಾಯುತಂತುಗಳು ದುಡಿದಷ್ಟೂ ಹರಿಯುತ್ತವೆ. ಆಡಿಕೊಂಡಿದ್ದ ಹುಡುಗ ಹದಿಹರೆಯದ ಹೊತ್ತಿಗೆ ಗಾಲಿಕುರ್ಚಿಗೆ ಬರುತ್ತಾನೆ. ಇದೇ ಕೊರತೆಯ ಎಂಡಿಎಕ್ಸ್ ಇಲಿ 1984ರಲ್ಲಿ ವರದಿಯಾಯಿತು. ಡಿಸ್ಟ್ರೋಫಿನ್ ಪತ್ತೆಯಾದದ್ದು ಆಮೇಲೆ, 1987ರಲ್ಲಿ. ಆದರೆ ಇಲಿಯ ಸ್ನಾಯು ಹರಿದಷ್ಟೂ ಮತ್ತೆ ಚಿಗುರುತ್ತದೆ. ಮಗುವನ್ನು ಕೆಡವುವ ಕೊರತೆ ಹೊತ್ತೂ ಅದು ಬಹುಕಾಲ ಓಡಾಡಿಕೊಂಡಿರುತ್ತದೆ.

ಮಾಪಕದ ಅಂಕಿಯನ್ನು ಸುಮ್ಮನೆ ನಂಬುವಂತಿಲ್ಲ. ಎಳೆಯುವ ಕೈ ಬದಲಾದರೆ ಅಂಕಿ ಬದಲಾಗುತ್ತದೆ. ನಾಲ್ಕಾರು ಸಲ ಎಳೆಸಿಕೊಂಡ ಇಲಿಗೆ ದಣಿವಾಗಿರಬಹುದು, ಹಿಡಿಯುವ ಮನಸ್ಸೇ ಇಲ್ಲದಿರಬಹುದು. ದಪ್ಪ ಇಲಿಯ ಹಿಡಿತ ಸಹಜವಾಗಿಯೇ ಜಾಸ್ತಿ, ಹಾಗಾಗಿ ದೇಹತೂಕದಿಂದ ಭಾಗಿಸಬೇಕು. ಯಾವ ಇಲಿಗೆ ಮದ್ದು ಸಿಕ್ಕಿದೆ ಎಂಬುದು ಎಳೆಯುವವರಿಗೆ ಗೊತ್ತಿರಲೇಬಾರದು. ಆಸೆ ಬೆರಳಿಗೂ ಇಳಿಯುತ್ತದೆ. ಇಲಿ ಸೋತರೆ ಕಾರಣ ಸ್ನಾಯುವೇ ಆಗಿರಬೇಕೆಂದೂ ಇಲ್ಲ. ಡಯಾಜೆಪಾಮ್ ಕೊಟ್ಟ ಇಲಿ ತಿರುಗುವ ಸರಳಿನಿಂದ ಬೇಗ ಬೀಳುವುದು ನಮ್ಮ ಫಾರ್ಮಸಿ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಅಲ್ಲಿ ಮದ್ದು ಕೆಲಸ ಮಾಡಿರುವುದು ನರಮಂಡಲದ ಮೇಲೆ, ಸ್ನಾಯುವಿಗೆ ಏನೂ ಆಗಿರುವುದಿಲ್ಲ.

ಡೊಮಾಗ್ರೊಜುಮಾಬ್ ಕತೆ ನನ್ನನ್ನು ಬಿಟ್ಟೂಬಿಡದೆ ಕಾಡುತ್ತದೆ. ಸ್ನಾಯು ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಅನ್ನು ಕಟ್ಟಿಹಾಕುವ ಪ್ರತಿಕಾಯ ಅದು. ಇದೇ ಬಗೆಯ ಪ್ರತಿಕಾಯ ಕೊಟ್ಟ ಎಂಡಿಎಕ್ಸ್ ಇಲಿಗಳಲ್ಲಿ ಸ್ನಾಯುವೂ ತುಂಬಿಕೊಂಡಿತು, ಬಲವೂ ಏರಿತು. ಮಕ್ಕಳ ಪರೀಕ್ಷೆಯಲ್ಲಿ ಅಳೆದದ್ದು ನಾಲ್ಕು ಮೆಟ್ಟಿಲು ಹತ್ತಲು ಬೇಕಾದ ಸಮಯವನ್ನು. ವರ್ಷದ ಚಿಕಿತ್ಸೆಯ ಬಳಿಕವೂ ಮದ್ದು ಪಡೆದವರಿಗೂ ಪಡೆಯದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಫೈಜರ್ ಪ್ರಯೋಗವನ್ನು ನಿಲ್ಲಿಸಿತು. ಆ ಮಕ್ಕಳ ಮನೆಯವರು ವರ್ಷವಿಡೀ ಕಾದಿದ್ದರು.

ಹಿಡಿತದ ಅಂಕಿಯ ಜೊತೆಗೆ ಬಿಡಿಸಿ ತೆಗೆದ ಸ್ನಾಯುವಿನ ಪರೀಕ್ಷೆಯೂ ಬೇಕೇ ಬೇಕು. ಇಲಿಯ ಕಾಲಿನ ಸ್ನಾಯುವನ್ನು ಆಮ್ಲಜನಕ ಹಾಯಿಸಿದ ಲವಣದ್ರಾವಣದಲ್ಲಿಟ್ಟು ವಿದ್ಯುತ್ ಕೊಟ್ಟಾಗ ಮನಸ್ಸು, ದಣಿವು, ಎಳೆಯುವ ಕೈ ಯಾವುದೂ ನಡುವೆ ಬರುವುದಿಲ್ಲ. ಸ್ನಾಯುವಿನ ದಪ್ಪಕ್ಕೆ ತಕ್ಕ ಬಲವಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಸಂಕುಚಿಸುತ್ತಿರುವಾಗಲೇ ಸ್ನಾಯುವನ್ನು ಹಿಗ್ಗಿಸಿದರೆ ಎಂಡಿಎಕ್ಸ್ ಸ್ನಾಯುವಿನ ಬಲ ಧಡಕ್ಕನೆ ಕುಸಿಯುತ್ತದೆ, ಆರೋಗ್ಯವಂತ ಸ್ನಾಯುವಿನದು ಅಷ್ಟು ಕುಸಿಯುವುದಿಲ್ಲ. ಮೆಟ್ಟಿಲು ಇಳಿಯುವಾಗ ಮಗುವಿನ ತೊಡೆಯ ಸ್ನಾಯು ಪಡುವ ಪಾಡೂ ಇದೇ. ಹೊಸ ಮದ್ದಿನ ವರದಿ ಕೈಗೆ ಬಂದಾಗ ಆ ಕುಸಿತ ಎಷ್ಟು ತಗ್ಗಿದೆ ಎಂದು ನಾನು ಮೊದಲು ಹುಡುಕುತ್ತೇನೆ.