ಹುಡುಕುವವರ ಕಣ್ಣಿಗೆ ಬೀಳುವುದು ಹೇಗೆ?

ಹುಳಿಪುಡಿ, ಚಟ್ನಿಪುಡಿ, ಹಪ್ಪಳ-ಸಂಡಿಗೆ ಮಾಡಿ ಮಾರುವ ಗೃಹಿಣಿಯರು ಈಗ ನಮ್ಮ ಹುಣಸೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಎಚ್.ಡಿ. ಕೋಟೆ ಕಡೆ ಹೋದರೆ ಮನೆಯ ಎರಡು ಕೋಣೆಗಳಿಗೆ ಸುಣ್ಣ-ಬಣ್ಣ ಮಾಡಿಸಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವವರಿದ್ದಾರೆ. ಪಿರಿಯಾಪಟ್ಟಣ, ಕೆ.ಆರ್. ನಗರಗಳಲ್ಲಿ ಸೀರೆಗೆ ಕುಚ್ಚು ಕಟ್ಟುವವರು, ಬ್ಲೌಸ್ ಹೊಲಿಯುವವರು. ಇವರಲ್ಲಿ ಎಷ್ಟೋ ಜನ "ನಮಗೂ ಒಂದು ವೆಬ್‌ಸೈಟ್ ಇರಲಿ" ಅಂತ ಆಸೆಪಟ್ಟು ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರೆ. ಆರು ತಿಂಗಳಾದರೂ ಒಂದು ಫೋನೂ ಬರುವುದಿಲ್ಲ. ಯಾಕಿರಬಹುದು?

ನನ್ನ ಓರಗಿತ್ತಿಯ ಸ್ವಸಹಾಯ ಸಂಘದಲ್ಲಿ ಆದದ್ದನ್ನೇ ಕೇಳಿ. ಹನ್ನೊಂದು ಜನ ಹೆಂಗಸರು ಉಳಿತಾಯದ ದುಡ್ಡಿನಲ್ಲಿ 18,000 ರೂಪಾಯಿ ಕೊಟ್ಟು ವೆಬ್‌ಸೈಟ್ ಮಾಡಿಸಿದರು. ಮಾಡಿಕೊಟ್ಟವನು ನಲವತ್ತು ಪುಟ ತುಂಬಿಸಿದ್ದ. "ಹುಣಸೂರಿನಲ್ಲಿ ಉತ್ತಮ ಹುಳಿಪುಡಿ" ಅಂತ ಒಂದು ಪುಟ, "ಪಿರಿಯಾಪಟ್ಟಣದಲ್ಲಿ ಉತ್ತಮ ಹುಳಿಪುಡಿ" ಅಂತ ಇನ್ನೊಂದು, "ಕೆ.ಆರ್. ನಗರದಲ್ಲಿ ಉತ್ತಮ ಹುಳಿಪುಡಿ" ಅಂತ ಮತ್ತೊಂದು. ಊರಿನ ಹೆಸರು ಬಿಟ್ಟರೆ ಒಂದಕ್ಷರ ವ್ಯತ್ಯಾಸವಿಲ್ಲ! ಇದೇನಪ್ಪಾ ಅಂತ ಕೇಳಿದರೆ "ಇದು ಎಸ್‌ಇಒ ಮೇಡಂ, ನಿಮಗೆ ಅರ್ಥವಾಗಲ್ಲ" ಅಂದನಂತೆ.

ಅರ್ಥವಾಗದೇ ಇರುವಂಥದ್ದು ಅದರಲ್ಲೇನೂ ಇಲ್ಲ, ಸೋದರಿಯರೇ. ನನ್ನ ನಾದಿನಿಯ ಮಗಳು ಮೈಸೂರಿನಲ್ಲಿ ಇದೇ ಕೆಲಸ ಮಾಡುತ್ತಾಳೆ. ಅವಳು ಒಂದು ಭಾನುವಾರ ಕೂತು ವಿವರಿಸಿದಾಗ ಎಸ್‌ಎಸ್‌ಎಲ್‌ಸಿ ಓದಿದ ನನಗೇ ತಿಳಿಯಿತು ಅಂದಮೇಲೆ ನಿಮಗೆ ತಿಳಿಯದೆ ಇರುತ್ತದೆಯೇ? ಎಸ್‌ಇಒ ಅಂದರೆ ಗೂಗಲ್‌ನಲ್ಲಿ ಹುಡುಕುವವರಿಗೆ ನಮ್ಮ ಪುಟ ಸಿಗುವ ಹಾಗೆ ಮಾಡುವುದು, ಅಷ್ಟೆ. ಕೀವರ್ಡ್ ಅಂದರೆ ಅವರು ಹುಡುಕುವಾಗ ಬರೆಯುವ ಮಾತು.

ಗೂಗಲ್ ನಮ್ಮ ಪುಟಕ್ಕೆ ಬರುವ ದಾರಿ

ಗೂಗಲ್‌ನ ಕಂಪ್ಯೂಟರುಗಳು ಒಂದು ಪುಟದಲ್ಲಿರುವ ಲಿಂಕ್ ಹಿಡಿದು ಇನ್ನೊಂದು ಪುಟಕ್ಕೆ ಹೋಗುತ್ತವೆ, ಓದುತ್ತವೆ, ಇಂಥಲ್ಲಿ ಇಂಥದ್ದಿದೆ ಅಂತ ದಾಖಲು ಮಾಡಿಕೊಳ್ಳುತ್ತವೆ. 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಗೂಗಲ್ ಕಂಪನಿ ಶುರು ಮಾಡಿದಾಗ ಅವರ ಮುಖ್ಯ ಉಪಾಯವೇ ಲಿಂಕು. ಯಾವ ಪುಟದ ಕಡೆಗೆ ಬೇರೆ ಒಳ್ಳೆಯ ಪುಟಗಳು ಬೆರಳು ತೋರಿಸುತ್ತವೋ ಅದಕ್ಕೆ ತೂಕ ಹೆಚ್ಚು. ಈಗ ಗೂಗಲ್ ಇನ್ನೂ ಎಷ್ಟೋ ಸಂಗತಿಗಳನ್ನು ನೋಡುತ್ತದೆ. ಆದರೂ ಲಿಂಕಿನ ಬೆಲೆ ಹೋಗಿಲ್ಲ. ನಮ್ಮದೇ ವೆಬ್‌ಸೈಟಿನ ಒಂದು ಪುಟಕ್ಕೆ ನಮ್ಮದೇ ಬೇರೆ ಯಾವ ಪುಟದಿಂದಲೂ ಲಿಂಕ್ ಇಲ್ಲದಿದ್ದರೆ, ಅದು ಬಾಗಿಲಿಲ್ಲದ ಕೋಣೆಯಂತೆ. ಒಳಗೆ ಎಷ್ಟು ಚೆನ್ನಾಗಿ ಓರಣ ಮಾಡಿಟ್ಟರೇನು, ನೋಡುವವರು ಯಾರು?

ನಾವು ಕರೆಯುವ ಹೆಸರು, ಅವರು ಹುಡುಕುವ ಹೆಸರು

ಮೊದಲ ಕೆಲಸ, ಹುಡುಕುವವರ ಬಾಯಲ್ಲಿರುವ ಮಾತು ಯಾವುದು ಅಂತ ತಿಳಿಯುವುದು. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಇದು ಬಲು ಮುಖ್ಯ. ಬೈಲಕುಪ್ಪೆಯನ್ನೇ ತೆಗೆದುಕೊಳ್ಳಿ. ಅದು ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕಿನದು. ಟಿಬೆಟಿನವರು ಅಲ್ಲಿ ಬಂದು ನೆಲೆಸಿದ್ದು 1960ರ ದಶಕದ ಆರಂಭದಲ್ಲಿ. ಅಲ್ಲಿನ ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಸ್ಥಾಪನೆಯಾಯಿತು. ಆದರೆ ಬೆಂಗಳೂರಿನಿಂದ ಹೊರಟವರು "ಪಿರಿಯಾಪಟ್ಟಣದ ಬೌದ್ಧ ಮಠ" ಅಂತ ಬರೆಯುತ್ತಾರೆಯೇ? "ಕೂರ್ಗ್ ಗೋಲ್ಡನ್ ಟೆಂಪಲ್" ಅಂತಾರೆ, ಇಲ್ಲವೇ "ಕುಶಾಲನಗರ ಗೋಲ್ಡನ್ ಟೆಂಪಲ್" ಅಂತಾರೆ. ಕುಶಾಲನಗರ ಕಾವೇರಿಯ ಆಚೆ ದಡ, ಕೊಡಗಿನದು. ನಮ್ಮ ಜಿಲ್ಲೆಯ ಮಠ ಅವರ ಲೆಕ್ಕಕ್ಕೆ ಹೋಯಿತಲ್ಲ ಅಂತ ನನಗೂ ಸ್ವಲ್ಪ ಹೊಟ್ಟೆಯುರಿ ಇದೆ! ಆದರೆ ವ್ಯಾಪಾರಕ್ಕೆ ಹೊಟ್ಟೆಯುರಿ ಕೂಡದು. ಬೈಲಕುಪ್ಪೆಯ ಹತ್ತಿರ ಊಟ ಹಾಕುವ ತಾಯಿ ತನ್ನ ಪುಟದಲ್ಲಿ "ಕೂರ್ಗ್ ದಾರಿಯಲ್ಲಿರುವ ಗೋಲ್ಡನ್ ಟೆಂಪಲ್, ಬೈಲಕುಪ್ಪೆ, ಪಿರಿಯಾಪಟ್ಟಣ ತಾಲ್ಲೂಕು" ಅಂತ ನಿಜವನ್ನೇ ಬರೆದರೆ ಎಲ್ಲರಿಗೂ ಸಿಗುತ್ತಾಳೆ.

ಕಬಿನಿಯದೂ ಹಾಗೇ. ಜಲಾಶಯ ಇರುವುದು ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ. ಹುಡುಕುವವರು "ಕಬಿನಿ" ಅನ್ನುತ್ತಾರೆ. ಹೆಗ್ಗಡದೇವನಕೋಟೆ ಅನ್ನುವ ಪೂರ್ಣ ಹೆಸರು ಅವರ ಕಿವಿಗೆ ಬಿದ್ದೇ ಇರುವುದಿಲ್ಲ. ಕೆ.ಆರ್. ನಗರ ಕಾಗದಪತ್ರದಲ್ಲಿ ಕೃಷ್ಣರಾಜನಗರ, ಹಳಬರ ಬಾಯಲ್ಲಿ ಎಡತೊರೆ. ಪಿರಿಯಾಪಟ್ಟಣವನ್ನು ಪೆರಿಯಾಪಟ್ಟಣ ಅಂತ ಬರೆಯುವವರೂ ಉಂಟು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮೈಸೂರು ಅಂತಲೇ ಆಗಿದ್ದರೂ "ಮೈಸೋರ್" ಅಂತ ಹುಡುಕುವವರು ಬೇಕಾದಷ್ಟು ಜನ.

ಹಾಗಂತ ಒಂದೊಂದು ಕಾಗುಣಿತಕ್ಕೆ ಒಂದೊಂದು ಪುಟ ಮಾಡಬೇಡಿ. ಒಂದೇ ಪುಟದಲ್ಲಿ ಎರಡು ಹೆಸರೂ ಸಹಜವಾಗಿ ಬಂದರೆ ಸಾಕು.

ಈ ಮಾತುಗಳನ್ನು ಕೂಡಿಹಾಕುವುದಕ್ಕೆ ದುಡ್ಡು ಬೇಡ. ಗೂಗಲ್‌ನಲ್ಲಿ ಅರ್ಧ ಬರೆದು ನಿಲ್ಲಿಸಿ, ಕೆಳಗೆ ತಾನೇ ಸಾಲುಸಾಲಾಗಿ ತೋರಿಸುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ವಾಟ್ಸಾಪಿನಲ್ಲಿ ಗಿರಾಕಿಗಳು ಕೇಳುವ ಪ್ರಶ್ನೆಗಳನ್ನೂ ಅವರ ಮಾತಿನಲ್ಲೇ ಬರೆದಿಡಿ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ವೆಬ್‌ಸೈಟ್ ಆಗಲೇ ಇದ್ದರೆ ಗೂಗಲ್‌ನವರದೇ "ಸರ್ಚ್ ಕನ್ಸೋಲ್" ಅನ್ನುವ ಉಚಿತ ಸೌಲಭ್ಯವಿದೆ. ಜನ ಯಾವ ಮಾತು ಬರೆದಾಗ ನಿಮ್ಮ ಪುಟ ಕಾಣಿಸಿತು ಅಂತ ಅದರಲ್ಲಿ ಗೊತ್ತಾಗುತ್ತೆ.

ಗುಂಪು ಮಾಡುವ ಬಗೆ

ಪಟ್ಟಿ ಐವತ್ತೋ ಅರವತ್ತೋ ಮಾತಿನದಾಯಿತು ಅನ್ನಿ. ಈಗ ವಿಂಗಡಿಸಬೇಕು. ಮಾತು ಒಂದೇ ಥರ ಇದೆಯೇ ಅಂತ ನೋಡಬೇಡಿ, ಕೇಳುವವರಿಗೆ ಬೇಕಾದ್ದು ಒಂದೇ ಏನು ಅಂತ ನೋಡಿ. "ಹುಳಿಪುಡಿ ಮಾಡುವ ವಿಧಾನ" ಅಂತ ಕೇಳಿದವಳು ಒಲೆ ಮುಂದೆ ನಿಂತಿದ್ದಾಳೆ. ಅವಳಿಗೆ ಧನಿಯ ಎಷ್ಟು, ಮೆಣಸಿನಕಾಯಿ ಎಷ್ಟು ಅನ್ನುವ ಅಳತೆ ಬೇಕು. "ಹುಳಿಪುಡಿ ಬೆಲೆ", "ಮನೆಯಲ್ಲಿ ಮಾಡಿದ ಹುಳಿಪುಡಿ ಆರ್ಡರ್" ಅಂದವಳು ಕೊಳ್ಳುವವಳು. ಇಬ್ಬರಿಗೂ ಒಂದೇ ಪುಟ ಬಡಿಸಿದರೆ ಇಬ್ಬರ ಹೊಟ್ಟೆಯೂ ತುಂಬುವುದಿಲ್ಲ. "ಹುಳಿಪುಡಿ" ಮತ್ತು "ಸಾಂಬಾರ್ ಪುಡಿ" ಬೇರೆ ಮಾತಾದರೂ ಬೇಡಿಕೆ ಒಂದೇ ಆದ್ದರಿಂದ ಒಂದೇ ಪುಟದಲ್ಲಿ ಇರಬಹುದು. ಸಾರಿನ ಪುಡಿ ಮಾತ್ರ ಬೇರೆ ಪದಾರ್ಥ, ಅದಕ್ಕೆ ಬೇರೆ ಪುಟ.

ಅನುಮಾನ ಬಂದರೆ ಒಂದು ಪರೀಕ್ಷೆ ಇದೆ. ಎರಡು ಮಾತನ್ನೂ ಗೂಗಲ್‌ನಲ್ಲಿ ಬೇರೆ ಬೇರೆ ಹುಡುಕಿ. ಮೇಲೆ ಬರುವ ವೆಬ್‌ಸೈಟುಗಳು ಹೆಚ್ಚುಕಡಿಮೆ ಅವೇ ಆಗಿದ್ದರೆ ಎರಡಕ್ಕೂ ಸೇರಿ ಒಂದೇ ಪುಟ. ಬೇರೆ ಬೇರೆಯಾಗಿದ್ದರೆ ಎರಡು ಪುಟ. ಇದನ್ನು ನಾದಿನಿಯ ಮಗಳು ಹೇಳಿಕೊಟ್ಟಾಗ "ಇಷ್ಟೇನಾ!" ಅನ್ನಿಸಿತು.

ಕೋಟೆ ಕಡೆ ಕೋಣೆ ಬಾಡಿಗೆಗೆ ಕೊಡುವವರ ವೆಬ್‌ಸೈಟ್ ಹೇಗಿರಬಹುದು ನೋಡೋಣ. ನಡುವೆ ಒಂದು ತಾಯಿ ಪುಟ: ಕಬಿನಿ ಹತ್ತಿರ ಮನೆಯಲ್ಲಿ ತಂಗುವ ವ್ಯವಸ್ಥೆ, ಬಾಡಿಗೆ, ಫೋನ್. ಇದಕ್ಕೆ ಆ ಕಸುಬಿನವರು ಪಿಲ್ಲರ್ ಪೇಜ್ ಅನ್ನುತ್ತಾರೆ. ಅದರ ಸುತ್ತ ಮಕ್ಕಳ ಪುಟಗಳು. ಮೈಸೂರಿನಿಂದ ಬರುವ ದಾರಿ ಮತ್ತು ಬಸ್ಸು ಒಂದು. ಊಟ-ತಿಂಡಿ ಒಂದು. ನಾಗರಹೊಳೆ ಸಫಾರಿ ಇನ್ನೊಂದು, ಇದರಲ್ಲಿ ಬರೆಯುವುದು ಬೇಕಾದಷ್ಟಿದೆ. ಕೋಟೆ ಕಡೆಯ ಗೇಟು ದಮ್ಮನಕಟ್ಟೆ, ಹುಣಸೂರು ಕಡೆಯದು ವೀರನಹೊಸಹಳ್ಳಿ, ಕೊಡಗಿನ ಕಡೆಯದು ನಾಣಚ್ಚಿ. ಕಬಿನಿಯಲ್ಲಿ ಕೋಣೆ ಹಿಡಿದವರು ಗೊತ್ತಿಲ್ಲದೆ ಬೇರೆ ಗೇಟಿನ ದಾರಿ ಹಿಡಿದರೆ ಮಕ್ಕಳು-ಮರಿ ಕಟ್ಟಿಕೊಂಡು ಬೆಳಗಿನ ಜಾವ ಪರದಾಟವೇ ಸರಿ. ಇದನ್ನು ಬಿಡಿಸಿ ಹೇಳುವ ಪುಟ ಗಿರಾಕಿಗೂ ಉಪಕಾರ, ಗೂಗಲ್‌ಗೂ ಬೇಕಾದ್ದು. 2025ರ ನವೆಂಬರಿನಲ್ಲಿ ಹುಲಿ ದಾಳಿಗಳಾದ ಮೇಲೆ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಅಂಥ ಸಮಯದಲ್ಲಿ ಸಫಾರಿಯ ಮಾತು ಹತ್ತು ಪುಟದಲ್ಲಿ ಚೆಲ್ಲಾಡಿದ್ದರೆ ಹತ್ತು ಕಡೆ ತಿದ್ದಬೇಕು. ಒಂದೇ ಪುಟದಲ್ಲಿದ್ದರೆ ಐದು ನಿಮಿಷದ ಕೆಲಸ.

ಲಿಂಕ್ ಎಲ್ಲಿ, ಎಷ್ಟು?

ಪ್ರತಿ ಮಗುವಿನ ಪುಟದಿಂದ ತಾಯಿ ಪುಟಕ್ಕೆ ಒಂದು ಲಿಂಕ್, ತಾಯಿಯಿಂದ ಪ್ರತಿ ಮಗುವಿಗೆ ಒಂದು. ಅಕ್ಕಪಕ್ಕದ ಪುಟಗಳಿಗೆ ಅಗತ್ಯವಿದ್ದಲ್ಲಿ ಮಾತ್ರ. ಬಸ್ಸಿನ ಪುಟ ಓದುವವರಿಗೆ ಸಫಾರಿ ಗೇಟಿನ ಪುಟ ಬೇಕಾಗಬಹುದು, ಉಪ್ಪಿನಕಾಯಿ ಪುಟ ಬೇಕಿಲ್ಲ. ಹುಳಿಪುಡಿಯ ವಿಧಾನ ಹೇಳುವ ಪುಟದ ಕೊನೆಗೆ "ಮಾಡಲು ಪುರುಸೊತ್ತಿಲ್ಲವೇ? ನಮ್ಮ ಮನೆಯ ಹುಳಿಪುಡಿ ತರಿಸಿಕೊಳ್ಳಿ" ಅಂತ ಕೊಳ್ಳುವ ಪುಟಕ್ಕೆ ದಾರಿ ತೋರಿಸಿ. ಲಿಂಕಿನ ಮೇಲೆ "ಇಲ್ಲಿ ಒತ್ತಿ" ಅಂತ ಬರೆಸಬೇಡಿ. ಒತ್ತಿದರೆ ಏನು ಸಿಗುತ್ತದೋ ಅದನ್ನೇ ಬರೆಸಿ: "ಮೈಸೂರಿನಿಂದ ಕಬಿನಿಗೆ ಬಸ್ಸು". ಓದುವವರಿಗೂ ಗೂಗಲ್‌ಗೂ ಅದರಿಂದಲೇ ಗುರುತು. ಪುಟದ ಶೀರ್ಷಿಕೆಯೂ ಒಂದೊಂದಕ್ಕೆ ಒಂದೊಂದು ಇರಬೇಕು.

ಇದನ್ನೆಲ್ಲ ಮೊದಲು ಒಂದು ದೊಡ್ಡ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ. ಒಂದು ಪುಟಕ್ಕೆ ಒಂದು ಚೌಕ, ಅದರೊಳಗೆ ಆ ಗುಂಪಿನ ಮಾತುಗಳು, ಚೌಕದಿಂದ ಚೌಕಕ್ಕೆ ಗೆರೆ. ಗೆರೆಯಿಲ್ಲದ ಚೌಕ ಉಳಿದಿದೆಯೇ ಅಂತ ನೋಡಿ. ವೆಬ್‌ಸೈಟ್ ಮಾಡುವವರ ಮುಂದೆ ಈ ಹಾಳೆ ಇಟ್ಟರೆ "ನಿಮಗೆ ಅರ್ಥವಾಗಲ್ಲ" ಅನ್ನುವ ಮಾತೇ ಬರುವುದಿಲ್ಲ.

ಮೋಸ ಹೋಗದಿರಲು

"ಗೂಗಲ್‌ನಲ್ಲಿ ಮೊದಲನೇ ಸ್ಥಾನ ಗ್ಯಾರಂಟಿ" ಅನ್ನುವವರನ್ನು ನಂಬಬೇಡಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್‌ನವರೇ ಹೇಳುತ್ತಾರೆ. "ಒಳಗಡೆ ಕಾಣದ ಹಾಗೆ ನೂರು ಕೀವರ್ಡ್ ಹಾಕಿದ್ದೀನಿ" ಅಂತಲೂ ಕೆಲವರು ದುಡ್ಡು ಕೇಳುತ್ತಾರೆ. ಆ "ಕೀವರ್ಡ್ ಟ್ಯಾಗ್" ಅನ್ನು ತಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಪ್ರಕಟಿಸಿದೆ. ಒಂದೇ ಮಾತನ್ನು ಸಾಲುಸಾಲಿಗೂ ತುರುಕುವುದು, ಊರಿನ ಹೆಸರು ಮಾತ್ರ ಬದಲಿಸಿ ಪುಟ ಹುಟ್ಟಿಸುವುದು, ಎರಡೂ ಅವರ ನಿಯಮಕ್ಕೆ ವಿರುದ್ಧ. ಹಿಂದಕ್ಕೆ ತಳ್ಳುವುದೂ ಉಂಟು, ಪಟ್ಟಿಯಿಂದಲೇ ತೆಗೆಯುವುದೂ ಉಂಟು. ಸರಿಯಾಗಿ ಮಾಡಿದರೂ ಫಲ ಕಾಣಲು ತಿಂಗಳುಗಟ್ಟಲೆ ಹಿಡಿಯುತ್ತೆ, ಆತುರ ಬೇಡ. ಇನ್ನೊಂದು ಮಾತು, ವೆಬ್‌ಸೈಟಿನ ಹೆಸರು ನಿಮ್ಮ ಇಲ್ಲವೇ ಸಂಘದ ಹೆಸರಿನಲ್ಲೇ ನೋಂದಣಿಯಾಗಿರಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ಮಾಡಿಕೊಟ್ಟವನ ಕೈಯಲ್ಲಿ ಬಿಟ್ಟರೆ ಮನೆ ನಮ್ಮದು, ಬೀಗದ ಕೈ ಬೇರೆಯವರದು ಅನ್ನುವ ಹಾಗೆ.

ಓರಗಿತ್ತಿಯ ಸಂಘದವರು ಈಗ ನಲವತ್ತು ಪುಟವನ್ನು ಏಳಕ್ಕೆ ಇಳಿಸುತ್ತಿದ್ದಾರೆ. ಪುಡಿಗಳ ತಾಯಿ ಪುಟ ಒಂದು, ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿಗಳಿಗೆ ಮೂರು, ಹುಳಿಪುಡಿಯ ವಿಧಾನ ಒಂದು, ಪಾರ್ಸೆಲ್ ಕಳಿಸುವ ಬಗೆ ಒಂದು, ಸಂಘದ ಪರಿಚಯ ಒಂದು. ಯಾವ ಯಾವ ಊರಿಗೆ ತಲುಪಿಸುತ್ತಾರೆ ಅನ್ನುವುದನ್ನು ಪಾರ್ಸೆಲ್ ಪುಟದಲ್ಲೇ ಬರೆದಿದ್ದಾರೆ. ನೀವೂ ಹೀಗೆ ಪುಟ ಕಡಿಮೆ ಮಾಡುವುದಾದರೆ ಹಳೆಯದನ್ನು ಸುಮ್ಮನೆ ಅಳಿಸಿಬಿಡಬೇಡಿ. ಹಳೆಯ ವಿಳಾಸ ಒತ್ತಿದವರು ಅದೇ ವಿಷಯದ ಹೊಸ ಪುಟಕ್ಕೆ ಹೋಗುವಂತೆ "301 ರೀಡೈರೆಕ್ಟ್" ಹಾಕಿಕೊಡಿ ಅಂತ ಮಾಡುವವರಿಗೆ ಇದೇ ಹೆಸರು ಹೇಳಿ ಕೇಳಿ.